ಕೆಂಪು ತಲೆಯ ಗುಂಡುಸೂಜಿ

ಎಲ್ಲಕ್ಕೂ ಕಾರಣ ಒಂದು ಕೆಂಪು ತಲೆಯ ಗುಂಡುಸೂಜಿ. ಹಾಸಿಗೆ ಕಂಪನಿಯ ಸಾಗಾಣಿಕೆ ವಿಭಾಗದ ದೂರದೃಷ್ಟಿರಾಯರು ಮುಂದಿನ ಹತ್ತು ವರ್ಷಗಳ ವಿತರಣಾ ಯೋಜನೆ ಸಿದ್ಧಮಾಡಿ, ಆಳೆತ್ತರದ ನಕ್ಷೆಯಲ್ಲಿ ಮುಖ್ಯ ಗೋದಾಮಿನ ಜಾಗಕ್ಕೆ ಅದನ್ನು ಚುಚ್ಚಿದ್ದರು. ದೂರದೃಷ್ಟಿ ಎಂಬ ಹೆಸರು ಅಪ್ಪ ಅಮ್ಮ ಇಟ್ಟದ್ದಲ್ಲ. ಚಹಾ ತಡವಾಗಿ ಬಂದರೂ 'ದೂರದೃಷ್ಟಿ ಸಾಲದು' ಎನ್ನುತ್ತಿದ್ದುದರಿಂದ ಆಫೀಸಿನವರು ತಮಾಷೆಗೆ ಕಟ್ಟಿದ್ದು. ರಾಯರು ಅದನ್ನು ಬಿರುದೆಂದೇ ತಿಳಿದಿದ್ದರು.

ಸುಳ್ಳೇಕೆ ಹೇಳಬೇಕು, ಹೆಮ್ಮೆಪಡಲು ಕಾರಣವೂ ಇತ್ತು. ಹಾಸಿಗೆಗಳನ್ನು ಹಾಗೇ ಪೇರಿಸಿ ಕಳಿಸಿದರೆ ಲಾರಿ ಹೊರುವುದು ಮುಕ್ಕಾಲು ಪಾಲು ಗಾಳಿಯನ್ನೇ. ಒತ್ತಿ ಸುರುಳಿ ಸುತ್ತಿ, ಮೂರು ಹೆದ್ದಾರಿ ಕೂಡುವ ಕಡೆ ಒಂದೇ ದೊಡ್ಡ ಗೋದಾಮು ಕಟ್ಟಿದರೆ ಯಾವ ಮೂಲೆಯ ಅಂಗಡಿಗೂ ಒಂದೇ ದಿನದಲ್ಲಿ ಸರಕು ಮುಟ್ಟುತ್ತದೆ. ಇಷ್ಟನ್ನು ಕಂಡುಕೊಳ್ಳಲು ಅವರು ತಿಂಗಳುಗಟ್ಟಲೆ ಲಾರಿಗಳ ಹಿಂದೆ ಅಲೆದಿದ್ದರು. ಇವತ್ತಿನ ಸಭೆಯಲ್ಲಿ ಮಾಲೀಕರು ಒಪ್ಪಿದರೆ ಯೋಜನಾ ವಿಭಾಗದ ಮುಖ್ಯಸ್ಥರ ಕುರ್ಚಿ, ಕಿಟಕಿಯಿರುವ ಕೋಣೆ ಎರಡೂ ಅವರದೇ. ಹೆಂಡತಿ ಆಗಲೇ ಅಕ್ಕಪಕ್ಕದ ಮನೆಗಳಿಗೆಲ್ಲ ಹೇಳಿಯಾಗಿತ್ತು.

ಹಿಂದಿನ ಸಂಜೆ ನಕ್ಷೆಗೆ ಹೊದಿಕೆ ಮುಚ್ಚಿ ಹೋಗಿದ್ದ ರಾಯರು ಬೆಳಿಗ್ಗೆ ಬಂದವರೇ ಅದರ ಮುಂದೆ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಮೊದಲು ಬಂದವನು ಲೆಕ್ಕಿಗ. ಸೂಜಿಯನ್ನು ಒಂದು ಬೆರಳಷ್ಟು ಎಡಕ್ಕೆ ಸರಿಸಿದರೆ ತನ್ನ ಭಾವಮೈದನ ಖಾಲಿ ಸೈಟಿಗೆ ಬಾಡಿಗೆ ಬರುತ್ತದೆ ಎಂದ. ಹಿರಿಯ ಲಾರಿ ಡ್ರೈವರಿಗೆ ಗೋದಾಮು ಒಂದು ಮರದ ಪಕ್ಕವೇ ಬೇಕಿತ್ತು. ಆ ಮರದ ಕೆಳಗೆ ಬರುವಂಥ ನಿದ್ದೆ ಬೇರೆಲ್ಲೂ ಬರುವುದಿಲ್ಲವಂತೆ. ಮಾರಾಟದ ಮ್ಯಾನೇಜರಿಗೋ ಅತ್ತೆ ಮನೆಯ ಊರು ಬೇಕು, ತಪಾಸಣೆಯ ನೆಪದಲ್ಲಿ ಊಟ ಮುಗಿಸಿ ಬರಬಹುದು.

"ಬ್ರಹ್ಮ ಬಂದು ಹೇಳಿದ್ರೂ ಸೂಜಿ ಅಲುಗಾಡಲ್ಲ," ಎಂದರು ರಾಯರು.

ಹೊದಿಕೆಯೊಳಗೆ ಇಣುಕಲು ಹೋದ ಮ್ಯಾನೇಜರ್ ಕೈಯಲ್ಲಿದ್ದ ಚಹಾ ಚೆಲ್ಲಿತು. ರಾಯರು ನಕ್ಷೆಗೆ ಅಡ್ಡವಾಗಿ ಎದೆಯೊಡ್ಡಿ ನಿಂತರು. ಹೆಂಡತಿ ಕಾಳಜಿಯಿಂದ ಇಸ್ತ್ರಿ ಮಾಡಿಕೊಟ್ಟ ಬಿಳಿ ಅಂಗಿ ಅರ್ಧಕ್ಕರ್ಧ ಕಂದಾಯಿತು. ಆದರೂ ಅವರು ಜಾಗ ಬಿಟ್ಟು ಕದಲಲಿಲ್ಲ, ಊಟದ ಡಬ್ಬಿಯನ್ನೂ ಅಲ್ಲೇ ಮಡಿಲಲ್ಲಿಟ್ಟುಕೊಂಡು ತಿಂದರು.

ಮಧ್ಯಾಹ್ನ ಸಭೆ ಸೇರಿತು. ರಾಯರು ಕಲೆ ಕಾಣದಂತೆ ಕೋಟಿನ ಗುಂಡಿ ಹಾಕಿಕೊಂಡು, ನಕ್ಷೆಗೆ ಬೆನ್ನು ಮಾಡಿ ನಿಂತು, ಒಂದೇ ಎಳೆತಕ್ಕೆ ಹೊದಿಕೆ ತೆಗೆದು, ತಿರುಗಿಯೂ ನೋಡದೆ ನಕ್ಷೆ ತೋರಿಸುವ ಕೋಲನ್ನು ಹಿಂದಕ್ಕೆ ಚಾಚಿದರು. ಮನೆಯ ಕನ್ನಡಿಯ ಮುಂದೆ ವಾರವಿಡೀ ಅಭ್ಯಾಸ ಮಾಡಿದ್ದ ಭಂಗಿ ಅದು.

"ಇಲ್ಲಿದೆ ನಮ್ಮ ಕಂಪನಿಯ ಭವಿಷ್ಯ."

ಮಾರಾಟದ ಮ್ಯಾನೇಜರ್ ಕೆಮ್ಮಿದ. "ರಾಯರೇ, ಕೋಲು ಹೆದ್ದಾರಿ ಮೇಲಿದೆ. ಸೂಜಿ ಗುಡ್ಡದ ಮೇಲಿದೆ."

ರಾಯರು ತಿರುಗಿ ನೋಡಿದರು. ನಿಜ. ಆಡುಗಳೂ ಎರಡು ಸಲ ಯೋಚಿಸಿ ಹತ್ತುವಂಥ ಬೋಳು ಗುಡ್ಡದ ನೆತ್ತಿಯಲ್ಲಿ ಸೂಜಿ ಕೂತಿತ್ತು. 'ಯಾರೋ ಸರಿಸಿದ್ದಾರೆ' ಎಂದಿದ್ದರೆ ಸಾಕಿತ್ತು. ಆದರೆ ಎದುರಿಗೆ ಆ ಮೂವರೂ ಕೂತಿದ್ದರು. ದಿನವಿಡೀ ಕಾವಲು ಕೂತವನ ಬೆನ್ನ ಹಿಂದೆಯೇ ಸೂಜಿ ಗುಡ್ಡ ಹತ್ತಿತು ಎಂದು ಒಪ್ಪಿಕೊಳ್ಳುವುದು ಹೇಗೆ? ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ರಾಯರಂಥವರನ್ನು ನೋಡಿಯೇ ಹುಟ್ಟಿರಬೇಕು.

ಕೋಲು ಮೆಲ್ಲಗೆ ಗುಡ್ಡಕ್ಕೆ ಸರಿಯಿತು. "ಬೇಕೂಂತಲೇ ಅಲ್ಲಿಟ್ಟಿದ್ದೀನಿ. ಬೇರೆಯವರ ಲಾರಿಗಳು ತುಂಬ್ಕೊಂಡು ಹತ್ತುತ್ವೆ, ಖಾಲಿ ಇಳಿಯುತ್ವೆ. ನಮ್ಮವು ತುಂಬ್ಕೊಂಡು ಇಳಿಯುತ್ವೆ, ಖಾಲಿ ಹತ್ತುತ್ವೆ. ಡೀಸೆಲ್ ಅರ್ಧಕ್ಕರ್ಧ ಉಳಿತಾಯ."

"ಹಾಸಿಗೆ ಮೊದಲು ಮೇಲಕ್ಕೆ ಹೋಗೋದು ಹೇಗೆ?" ಎಂದ ಲೆಕ್ಕಿಗ.

"ಹಾಸಿಗೆ ಯಾಕೆ ಹೋಗ್ಬೇಕು? ಬರೀ ಹತ್ತಿ ಮೇಲಕ್ಕೆ ಹೋಗುತ್ತೆ, ಅಲ್ಲೇ ಹೊಲಿತೀವಿ. ಹತ್ತಿ ಹಗುರ ಅಲ್ವಾ?"

ಲೆಕ್ಕಿಗ ಬಾಯಿ ತೆರೆದ. ಮಾಲೀಕರು ತಲೆದೂಗುತ್ತಿರುವುದನ್ನು ಕಂಡು ಮುಚ್ಚಿಕೊಂಡ. ರಾಯರಿಗೆ ಮಾತಿನ ಹುರುಪು ಏರಿತು. ಗುಡ್ಡಕ್ಕೆ ನೆರೆ ಬರುವುದಿಲ್ಲ, ಕಳ್ಳ ಹತ್ತುವ ಹೊತ್ತಿಗೆ ಸುಸ್ತಾಗಿ ಕದಿಯುವ ಮನಸ್ಸೇ ಹೋಗಿರುತ್ತದೆ ಎಂದೆಲ್ಲ ಹೇಳುತ್ತಾ ಹೋದಂತೆ, ಅದು ತಮ್ಮದೇ ಯೋಜನೆ ಎಂದು ಅವರಿಗೇ ನಂಬಿಕೆ ಬಂದುಬಿಟ್ಟಿತು. ಕೊನೆಗೆ ಚಪ್ಪಾಳೆಯೂ ಬಿತ್ತು.

ಮಾಲೀಕರು ಎದ್ದು ಬಂದು ಅವರ ಕೈ ಹಿಡಿದರು. "ಆ ಗುಡ್ಡ ನಮ್ಮ ಮಾವನವರು ಕೊಟ್ಟದ್ದು ರಾಯರೇ. ಅಲ್ಲಿ ಏನಾದ್ರೂ ಕಟ್ಟಿ ಅಂತ ನನ್ನ ಹೆಂಡತಿ ಇಷ್ಟು ವರ್ಷದಿಂದ ತಲೆ ತಿಂತಿದ್ದಾಳೆ. ನಿನ್ನೆ ಸಂಜೆ ನೀವು ಹೋದ್ಮೇಲೆ ಸೂಜಿ ಅಲ್ಲಿ ಚುಚ್ಚಿದ್ದು ನಾನೇ. ನೀವು ತಿಳಿದವರು, ನೋಡಿದ ತಕ್ಷಣ 'ಇದು ತಪ್ಪು' ಅಂತೀರಿ, ಅದನ್ನೇ ಮನೇಲಿ ಹೇಳಿ ಗುಡ್ಡ ಮಾರೋಣ, ನಿಮಗೆ ಕುರ್ಚಿ ಕೊಡೋಣ ಅಂತಿದ್ದೆ. ನೀವು ನನ್ನ ಕಣ್ಣೇ ತೆರೆಸಿಬಿಟ್ರಿ."

"ಸಾರ್, ಅದು ಏನಂದ್ರೆ..." ಎಂದು ರಾಯರು ತೊದಲುವಷ್ಟರಲ್ಲಿ ಮಾಲೀಕರು ಹೆಂಡತಿಗೆ ಫೋನ್ ಹಚ್ಚಿ ಶುಭ ಸುದ್ದಿ ಹೇಳಿಯಾಗಿತ್ತು. ಮುಂದಿನ ವಾರದಿಂದಲೇ ರಾಯರು ಗುಡ್ಡದ ಮೇಲೆ ಬಿಡಾರ ಹೂಡಿ ಕೆಲಸ ಶುರುಮಾಡಬೇಕು. ಇಲ್ಲಿ ಯೋಜನೆ ನೋಡಿಕೊಳ್ಳಲು ಯಾರಾದರೂ ಬೇಕಲ್ಲ, ಕಿಟಕಿಯ ಕೋಣೆಯಲ್ಲಿ ಮಾರಾಟದ ಮ್ಯಾನೇಜರ್ ಕೂರಲಿ ಎಂದರು.

ಅಷ್ಟರಲ್ಲಿ ರಾಯರಿಗೆ ಹೆಂಡತಿಯ ಫೋನ್ ಬಂತು. "ಏನಾಯ್ತು ರೀ? ಪಕ್ಕದ ಮನೆಯವರೆಲ್ಲ ಇಲ್ಲೇ ಕೂತಿದ್ದಾರೆ. ಕುರ್ಚಿ ಸಿಕ್ತಾ?"

ರಾಯರು ಕೋಟನ್ನು ಸರಿಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು, ನೆರೆಯವರಿಗೂ ಕೇಳಿಸುವಂತೆ ಹೇಳಿದರು. "ಇನ್ಮೇಲೆ ಈ ಕಂಪನಿಯಲ್ಲಿ ನನಗಿಂತ ಎತ್ತರದಲ್ಲಿ ಕೂರೋರು ಯಾರೂ ಇಲ್ಲ ಕಣೆ."

ಆ ಕಡೆ ಸಂಭ್ರಮದ ಸದ್ದು ಅಡಗುವವರೆಗೆ ಕಾದು, ದನಿ ತಗ್ಗಿಸಿ ಸೇರಿಸಿದರು. "ಹಾಗೇ ದಪ್ಪನೆಯ ಕಂಬಳಿ ಇದ್ರೆ ಒಂದೆರಡು ತೆಗೆದಿಡು."