ಗೋಡೆ ನೋಡುವ ಮಾವನವರು

ನಮ್ಮ ಮಾವನವರಿಗೆ ಹುಚ್ಚು ಎಂದು ಯಾರಾದರೂ ಅಂದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಹೇಗೆ ನಿಲ್ಲಲಿ? ಆ ಹುಚ್ಚಿನಿಂದಲೇ ನನ್ನ ಮದುವೆಯಾದದ್ದು. ಅವರಿಗೆ ಹುಚ್ಚಿರಲಿಲ್ಲ ಎಂದು ವಾದಿಸಿ ಗೆದ್ದೆನೆಂದರೆ, ನನ್ನ ಮದುವೆಯೇ ಆಗಿಲ್ಲ ಎಂದಾಗಿಬಿಡುತ್ತದೆ!

ಎಂಥ ಹುಚ್ಚು ಅಂತೀರಾ? ಸಿನಿಮಾ ಹುಚ್ಚು ಎಂದರೆ ಅವರಿಗೇ ಸಿಟ್ಟು ಬರುತ್ತಿತ್ತು. ಸಿನಿಮಾ ಯಾರು ಬೇಕಾದರೂ ನೋಡುತ್ತಾರೆ. ಅವರದು ಪೋಸ್ಟರಿನ ಹುಚ್ಚು. ಅದರಲ್ಲೂ ಅಳುವ ನಾಯಕಿ, ತೊಟ್ಟಿಲು ತೂಗುವ ತಾಯಿ ಇವರೆಲ್ಲ ಇರುವ ಪೋಸ್ಟರುಗಳ ಮುಂದೆ ಅವರು ಕಾಲು ನಿಲ್ಲಿಸುತ್ತಿರಲಿಲ್ಲ. ಕಣ್ಣಿಗೆ ಕಪ್ಪು ಮುಖವಾಡ ಇರಬೇಕು, ಹೆಗಲಿನಿಂದ ಕೆಂಪು ವಸ್ತ್ರ ಹಿಂದಕ್ಕೆ ಹಾರುತ್ತಿರಬೇಕು, ಎದೆಗೆ ಬಡಿದ ಗುಂಡು ಹುರಿದ ಕಡಲೆಯ ಹಾಗೆ ಚಿಟಿಚಿಟಿ ಸಿಡಿದು ಕೆಳಗೆ ಬೀಳಬೇಕು. ಅಂಥವನ ಪೋಸ್ಟರ್ ಆಗಬೇಕು ಅವರಿಗೆ. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷಗಳಲ್ಲಿ ಇಂಥ ಸಾಹಸದ ಚಿತ್ರಗಳು ಎಲ್ಲೆಲ್ಲಿಂದಲೋ, ಯಾವ ಯಾವುದೋ ಭಾಷೆಯಲ್ಲಿ, ಸೊರಬ ಶಿಕಾರಿಪುರದ ಟೆಂಟುಗಳಿಗೆ ಬರುತ್ತಿದ್ದವು. "ಭಾಷೆ ಗೊತ್ತಾಗ್ತದಾ ನಿಮಗೆ?" ಎಂದು ಕೇಳಿದವರಿಗೆ ಮಾವನವರ ಉತ್ತರ ಒಂದೇ: "ಗುದ್ದಿಗೆ ಎಂಥ ಭಾಷೆ ಮಾರಾಯ?"

ಇನ್ನು ನನ್ನ ಮದುವೆಯ ಕಥೆ. ನನ್ನ ತವರು ಶಿಕಾರಿಪುರ. ಹೆಣ್ಣು ನೋಡಲು ಕುಪ್ಪಗಡ್ಡೆಯಿಂದ ಬೀಗರು ಬಂದರು. ಹುಡುಗ ಬಂದ, ಹುಡುಗನ ತಾಯಿ ಬಂದರು, ಅವಲಕ್ಕಿಯೂ ಬಂತು. ಹುಡುಗನ ತಂದೆ ಮಾತ್ರ ಇಲ್ಲ! ಈಗಷ್ಟೇ ಗಾಡಿಯಿಂದ ಇಳಿದವರು ಎಲ್ಲಿ ಮಾಯವಾದರು? ನಮ್ಮಪ್ಪ ಗಾಬರಿಯಿಂದ ಬೀದಿಗಿಳಿದು ನೋಡಿದರೆ, ಎದುರಿನ ಎಣ್ಣೆಗಾಣದ ಗೋಡೆಯ ಮುಂದೆ ಜರಿಯಂಚಿನ ಪೇಟ ಸುತ್ತಿದ ದೊಡ್ಡ ಮನುಷ್ಯರೊಬ್ಬರು ಕತ್ತು ಓರೆ ಮಾಡಿ ನಿಂತಿದ್ದಾರೆ. ಗೋಡೆಯ ಮೇಲೆ ಮುಖವಾಡದ ವೀರ. ಅವನ ಎದೆಯನ್ನು ಇವರು ಗೇಣು ಹಾಕಿ ಅಳೆಯುತ್ತಿದ್ದಾರೆ!

"ಬೀಗರ, ಒಳಗ ಬರ್ರೀ. ಹುಡುಗಿ ಕೂತಾಳ" ಅಂದರಂತೆ ಅಪ್ಪ.

"ಬಂದೆ, ಬಂದೆ. ಮೂರು ಗೇಣು ಉಂಟು. ಇವ್ನ ತೋಳು ನೋಡಿದ್ರೆ ನಾಲ್ಕಾದ್ರೂ ಇರ್ಬೇಕಾಗಿತ್ತು" ಅಂದರಂತೆ ಇವರು.

ಒಳಗೆ ಬಂದು ಕೂತರು. ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಅತ್ತೆಯವರು ಕೇಳುತ್ತಿದ್ದರು. ನಡುವೆ ಮಾವನವರು ಗಂಟಲು ಸರಿ ಮಾಡಿಕೊಂಡರು.

"ಮಗಾ, ಎದುರುಗಡೆ ಗಾಣದ ಗೋಡೆ ಮೇಲೆ ಒಂದು ಚಿತ್ರ ಅಂಟ್ಸಿದಾರಲ, ಅದನ್ನ ನೋಡಿದೀಯಾ?"

ಮರ್ಯಾದಸ್ಥರ ಮನೆಯ ಹುಡುಗಿ ಸಿನಿಮಾದ ಚಿತ್ರ ನೋಡುತ್ತಾಳೆಯೇ ಎಂದು ಪರೀಕ್ಷೆ ಮಾಡುತ್ತಿದ್ದಾರೋ ಏನೋ! ಬಾಗಿಲ ಮರೆಯಲ್ಲಿದ್ದ ಅಮ್ಮ "ಇಲ್ಲ ಅನ್ನು, ಇಲ್ಲ ಅನ್ನು" ಎಂದು ಕಣ್ಣಲ್ಲೇ ಒದ್ದಾಡಿದಳು. ನನಗೋ ಸುಳ್ಳು ಹೇಳಿ ರೂಢಿಯಿಲ್ಲ. ದಿನಕ್ಕೆ ನಾಲ್ಕು ಸಲ ನೀರಿಗೆ ಹೋಗುವಾಗ ಆ ಗೋಡೆ ಎದುರಿಗೇ ಇರುತ್ತಿತ್ತು. ಕಣ್ಣು ಕಟ್ಟಿಕೊಂಡು ಹೋಗಲೇ?

"ನೋಡೀನ್ರಿ" ಅಂದೆ.

"ಅದ್ರಲ್ಲಿ ಎಂಥ ತಪ್ಪು ಉಂಟು ಹೇಳು?"

"ಎರಡೂ ಎಡಗೈನ ಅದಾವ್ರಿ."

ಮಾವನವರು ತೊಡೆ ತಟ್ಟಿದ ಸದ್ದಿಗೆ ಅವಲಕ್ಕಿಯ ತಟ್ಟೆ ಅದುರಿತು. "ಕೇಳ್ಸ್ಕೊಂಡ್ರಾ? ಸೊರಬ ಶಿಕಾರಿಪುರ ಎರಡೂ ತಾಲ್ಲೂಕಲ್ಲಿ ಇದನ್ನ ಕಂಡುಹಿಡಿದವ್ರು ಇಬ್ರೇ. ನಾನೊಬ್ಬ, ಈ ಕೂಸೊಂದು. ತಾಂಬೂಲ ಬದಲಾಯ್ಸಿ!"

ನನ್ನ ಗಂಡನಾಗುವವರು ಆಗಿನ್ನೂ ತಲೆಯೆತ್ತಿ ನನ್ನ ಮುಖವನ್ನೇ ನೋಡಿರಲಿಲ್ಲ!

ಮದುವೆಯಾಗಿ ಬಂದ ಮೇಲೆ ಗೊತ್ತಾಯಿತು, ಈ ಮನುಷ್ಯರು ಊರಿಗೆಲ್ಲ ನ್ಯಾಯ ಹೇಳುವ ಹಿರಿಯರು ಎಂದು. ಗದ್ದೆಯ ಬದುವಿನ ಜಗಳ, ನೀರಿನ ಸರದಿಯ ಜಗಳ, ಎಲ್ಲವೂ ನಮ್ಮ ಜಗಲಿಗೇ ಬರುತ್ತಿದ್ದವು. ಒಮ್ಮೆ ಅಣ್ಣತಮ್ಮಂದಿರಿಬ್ಬರು ಒಂದು ಮೊಳ ಬದುವಿಗಾಗಿ ಮೂರು ವರ್ಷ ಮಾತು ಬಿಟ್ಟವರು, ಕೊನೆಗೆ ತೀರ್ಮಾನಕ್ಕೆ ಬಂದು ಕೂತಿದ್ದರು. ಮಾವನವರು "ಧರ್ಮವಾಗಿ ಹೇಳ್ಬೇಕು ಅಂದ್ರೆ..." ಎಂದು ಬಾಯಿ ತೆರೆದರು. ಅಷ್ಟರಲ್ಲಿ ದೂರದಲ್ಲಿ ತಮಟೆಯ ಸದ್ದು! ಸೊರಬದ ಟೆಂಟಿನವರ ಪ್ರಚಾರದ ಗಾಡಿ, ಎರಡೂ ಪಕ್ಕಕ್ಕೆ ಹೊಸ ಪೋಸ್ಟರ್ ಕಟ್ಟಿಕೊಂಡು ಬರುತ್ತಿತ್ತು. ಧರ್ಮವನ್ನು ಅಲ್ಲಿಗೇ ನಿಲ್ಲಿಸಿ ಮಾವನವರು ಎದ್ದು ಹೋದರು. ಗಾಡಿ ಊರು ಸುತ್ತಿತು. ಇವರೂ ಅದರ ಹಿಂದೆ ಸುತ್ತಿದರು. ಗಾಡಿ ಮುಂದಿನ ಊರಿಗೆ ಹೋಯಿತು, ಇವರೂ ಹೋದರು!

ಇತ್ತ ಅಣ್ಣತಮ್ಮಂದಿರು ಎಷ್ಟು ಹೊತ್ತು ಅಂತ ಮುಖ ತಿರುಗಿಸಿಕೊಂಡು ಕೂರುತ್ತಾರೆ? ನಾನು ಮಜ್ಜಿಗೆ ಕೊಟ್ಟೆ. ಕುಡಿದರು. "ಈ ಯಜಮಾನ್ರಿಗೆ ಇದೆಂಥ ರೋಗ ಮಾರಾಯ" ಎಂದು ತಮ್ಮ ಗೊಣಗಿದ. "ನಮ್ಮ ಅಪ್ಪಯ್ಯ ಬದುಕಿದ್ದಾಗ್ಲೂ ಇವ್ರು ಹಿಂಗೇ ಅಲ್ದನಾ" ಎಂದು ಅಣ್ಣ ನಕ್ಕ. ಮೂರು ವರ್ಷದ ಮೇಲೆ ಆಡಿದ ಮೊದಲ ಮಾತು. ಸಂಜೆ ಮಾವನವರು ಧೂಳು ಮೆತ್ತಿಕೊಂಡು ಮರಳುವ ಹೊತ್ತಿಗೆ ಇಬ್ಬರೂ ರಾಜಿಯಾಗಿ, ಎಲೆಯಡಿಕೆ ಹಾಕಿಕೊಂಡು, ಒಟ್ಟಿಗೇ ಮನೆಗೆ ಹೋಗಿದ್ದರು. "ನೋಡಿದ್ಯಾ? ನ್ಯಾಯ ಹೇಳೋಕೆ ನ್ಯಾಯ ಹೇಳುವವನು ಇರ್ಲೇಬೇಕು ಅಂತಿಲ್ಲ" ಎಂದು ನನಗೇ ಉಪದೇಶ ಮಾಡಿದರು.

ಪೋಸ್ಟರಿನ ವಿಷಯದಲ್ಲಿ ಅವರದೊಂದು ಶಾಸ್ತ್ರವೇ ಇತ್ತು. ವೀರ ನೆಟ್ಟಗೆ ನಿಂತಿರಬಾರದು. ನಿಂತರೆ "ಫೋಟೋ ತೆಗೆಸ್ಕೊಳೋಕೆ ಬಂದ ಮದುಮಗ" ಎಂದು ಬಿಟ್ಟುಬಿಡುತ್ತಿದ್ದರು. ಗೋಡೆ ಬಿಟ್ಟು ನಮ್ಮ ಮೈಮೇಲೆ ಬೀಳುವಂತಿರಬೇಕು. ಅಕ್ಷರಗಳು ಏರು ಹತ್ತುವ ಎತ್ತಿನ ಹಾಗೆ ಮುಂದಕ್ಕೆ ಬಾಗಿರಬೇಕು. ಕೆಂಪು ಬಣ್ಣ ಎಲೆಯಡಿಕೆ ಜಗಿದ ಬಾಯಿಯ ಕೆಂಪಾಗಿರಬೇಕೇ ಹೊರತು ಗೇರುಹಣ್ಣಿನ ಕೆಂಪಾಗಿರಬಾರದು. ಖಳನಾಯಕನ ಮುಖಕ್ಕೆ ಹಸಿರು ಬಳಿದವನಂತೂ ಅವರ ಪಾಲಿಗೆ ಮಹಾಜ್ಞಾನಿ. "ಹೊಟ್ಟೆಕಿಚ್ಚಿನ ಬಣ್ಣ ಅದು. ಕಣ್ಣಿದ್ದವ್ನಿಗೆ ಮಾತ್ರ ಕಾಣೋದು." ನಾನು ತಲೆದೂಗುತ್ತಿದ್ದೆ. ಸುಮ್ಮನೆ ಅಲ್ಲ, ಅವರು ತೋರಿಸಿದ ಮೇಲೆ ನನಗೂ ಕಾಣುತ್ತಿತ್ತು!

ಅತ್ತೆಯವರಿಗೆ ಇದೊಂದೂ ಹಿಡಿಸದು. ಮಗನ ಮದುವೆಗೆಂದು ಅವರು ಹೊರಗೋಡೆಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಬಿಳಿಗೆರೆ ಎಳೆದು ಹಸೆ ಚಿತ್ತಾರ ಬರೆದಿದ್ದರು. ಮಾವನವರಿಗೆ ಒಂದು ದಿನ ಅದೆಲ್ಲಿಂದಲೋ, ವೀರ ಎದೆಯೊಡ್ಡಿ ರೈಲು ನಿಲ್ಲಿಸುವ ದೊಡ್ಡ ಪೋಸ್ಟರ್ ಸಿಕ್ಕಿತು. ಟೆಂಟಿನವರನ್ನು ಕಾಡಿ ಬೇಡಿ ತಂದಿರಬೇಕು. ಹಿಟ್ಟಿನ ಅಂಟು ಕಲಸಿಕೊಂಡು ಹೊರಗೋಡೆಯ ಹತ್ತಿರ ಹೋದರು. ಅತ್ತೆ ಒನಕೆ ಹಿಡಿದೇ ಬಂದರು.

"ನನ್ನ ಹಸೆ ಮೇಲೆ ಅವ್ನನ್ನ ಅಂಟ್ಸಿದ್ರೆ, ನಾಳೆಯಿಂದ ಅಡುಗೆಮನೆಗೆ ಅವ್ನೇ ಬರ್ಲಿ. ರೈಲು ನಿಲ್ಲಿಸ್ತಾನಂತಲ, ಗಂಜಿ ಬಸೀಲಿ!"

ವೀರ ಸದ್ದಿಲ್ಲದೆ ಕೊಟ್ಟಿಗೆಯ ಗೋಡೆಗೆ ಹೋದ. ಮಾರನೆಯ ಬೆಳಿಗ್ಗೆ ನೋಡಿದರೆ ಸೊಂಟದಿಂದ ಮೇಲಕ್ಕೆ ವೀರನೇ ಇಲ್ಲ! ಅಂಟಿನ ರುಚಿ ಹತ್ತಿದ ಎಮ್ಮೆ ನೆಕ್ಕಿ ನೆಕ್ಕಿ ಹೊಟ್ಟೆಗೆ ಹಾಕಿಕೊಂಡಿತ್ತು. ಎರಡು ಬೂಟುಗಾಲು ಮಾತ್ರ ಗೋಡೆಯ ಮೇಲೆ ಧೈರ್ಯವಾಗಿ ನಿಂತಿದ್ದವು.

"ಗುಂಡು ತಾಗದ ಎದೆ ಕಣೇ ಅದು!" ಎಂದು ಮಾವನವರು ತಲೆಯ ಮೇಲೆ ಕೈಹೊತ್ತು ಕೂತರು.

"ಇರ್ಬೋದು. ಇವತ್ತು ಅರ್ಧ ಸೇರು ಹಾಲು ಜಾಸ್ತಿ ಕೊಟ್ಟದೆ" ಅಂದರು ಅತ್ತೆ.

ಸಿನಿಮಾ ನೋಡುತ್ತಲೇ ಇರಲಿಲ್ಲವೇ ಅಂತೀರಾ? ನೋಡುತ್ತಿದ್ದರು, ಪೋಸ್ಟರಿನವನು ಹೇಳಿದ್ದು ನಿಜವೋ ಎಂದು ತನಿಖೆ ಮಾಡಲು! ಒಂದು ಪೋಸ್ಟರಿನಲ್ಲಿ ವೀರ ಸಿಂಹದ ಬಾಯನ್ನು ಎರಡೂ ಕೈಯಲ್ಲಿ ಸೀಳುತ್ತಿದ್ದ. ಮಾವನವರು ಸೊರಬಕ್ಕೆ ಹೋಗಿ ನೋಡಿ ಬಂದರು. ಮೂರು ಗಂಟೆಯ ಚಿತ್ರದಲ್ಲಿ ಸಿಂಹವಿರಲಿ, ಒಂದು ಬೆಕ್ಕೂ ಇಲ್ಲ. ಮರುದಿನ ಮತ್ತೆ ಹೋದರು. ನಿನ್ನೆ ತಮಗೆ ತೂಕಡಿಕೆ ಬಂದು ತಪ್ಪಿರಬಹುದು ನೋಡಿ! ಆಗಲೂ ಇಲ್ಲ. ಮೂರನೆಯ ದಿನ ಟೆಂಟಿನ ಮ್ಯಾನೇಜರನ್ನೇ ಹಿಡಿದರು.

"ಸಿಂಹ ಎಲ್ಲಿ ಸ್ವಾಮಿ?"

"ರೀಲು ಕಟ್ಟಾಗಿದೆ ರೀ. ಸಿಂಹ ಅದರಲ್ಲಿ ಹೋಯ್ತು."

ಇನ್ನು ಜಗಳವೇ ಗತಿ ಎಂದು ಜೊತೆಗಿದ್ದ ನನ್ನ ಗಂಡ ಅಂದುಕೊಂಡರಂತೆ. ಮಾವನವರ ಮುಖ ಮಾತ್ರ ಅರಳಿತು. "ನಾನು ಹೇಳ್ಲಿಲ್ವನಾ? ಪೋಸ್ಟರ್ ಸರಿಯಾಗೇ ಉಂಟು. ಸಿನಿಮಾ ತಪ್ಪು!"

ಹೀಗೆ ನಗುತ್ತ ಎರಡು ವರ್ಷ ಕಳೆಯಿತು. ಮೂರನೆಯ ವರ್ಷ ನಾನು ಬಸುರಿಯಾದೆ. ಐದನೆಯ ತಿಂಗಳಲ್ಲಿ ಕೂಸು ಹೋಯಿತು.

ಬಂದವರೆಲ್ಲ ಸಮಾಧಾನ ಹೇಳಿದರು. ಗಿಡ ಉಳಿಯಿತಲ್ಲ, ಕಾಯಿ ಮತ್ತೆ ಬಿಡುತ್ತದೆ ಅಂದರು. ನಾನು ಹೂಂಗುಟ್ಟಿದೆ. ಕಣ್ಣಲ್ಲಿ ನೀರೇ ಬರಲಿಲ್ಲ. ಅಮ್ಮ ಬರುವಂತಿರಲಿಲ್ಲ, ಬಾವಿಕಟ್ಟೆಯಲ್ಲಿ ಜಾರಿ ಕಾಲು ಮುರಿದುಕೊಂಡು ಮಲಗಿದ್ದಳು. ಅಪ್ಪ ಬಂದು, "ಮಗಳನ್ನ ಕರಕೊಂಡು ಹೋಗ್ಲೇನ್ರೀ?" ಎಂದು ಕೇಳಿದರು. ತಿಂಗಳು ತುಂಬುವವರೆಗೆ ಹೊಸ್ತಿಲು ದಾಟಬಾರದು ಎಂದರು ಅತ್ತೆ. ಅವರದು ಕೆಟ್ಟ ಮನಸ್ಸಲ್ಲ. ತಮ್ಮ ಅತ್ತೆ ತಮಗೆ ಹೇಳಿದ್ದನ್ನೇ ನನಗೆ ಹೇಳಿದರು, ಹೇಳುವಾಗ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಪ್ಪ ಒಬ್ಬರೇ ಹೊರಟುಹೋದರು. ಮಾವನವರು ಜಗಲಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಊರಿನ ಬದುವನ್ನೆಲ್ಲ ಸರಿಸಿ ನಿಲ್ಲಿಸಿದವರು ಆ ಹೊಸ್ತಿಲಿನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ.

ನಾಲ್ಕು ದಿನ ಕಳೆದಿರಬೇಕು. ಬೆಳಿಗ್ಗೆ ಕಾಫಿ ಕುಡಿಯುತ್ತ ಮಾವನವರು ಜೋರಾಗಿ ಹೇಳಿದರು: "ಶಿಕಾರಿಪುರದಲ್ಲಿ ಹೊಸ ಪೋಸ್ಟರ್ ಬಂದದೆಯಂತೆ. ಇಡೀ ಗೋಡೆಯಷ್ಟು ದೊಡ್ಡದಂತೆ. ನಾನು ಹೋಗ್ಬೇಕು."

"ಹೋಗಿ. ನಿಮ್ಮನ್ನ ಕಟ್ಟಿ ಹಾಕಿದವ್ರು ಯಾರು?" ಅಂದರು ಅತ್ತೆ.

"ಕಣ್ಣು ಮಂಜಾಗಿದೆ. ತಪ್ಪು ಹುಡುಕೋಕೆ ಇವ್ಳು ಬರ್ಬೇಕು."

ಅತ್ತೆ ಕೈಯಲ್ಲಿದ್ದ ತಂಬಿಗೆಯನ್ನು ನೆಲಕ್ಕೆ ಕುಕ್ಕಿದರು. "ನಿಮಗೆ ಬುದ್ಧಿ ಇದೆಯನಾ? ಕೂಸು ಕಳಕೊಂಡ ಹೆಣ್ಣನ್ನ ಬೊಂಬೆ ನೋಡೋಕೆ ಕರ್ಕೊಂಡು ಹೋಗ್ತಾರನಾ?"

"ಬುದ್ಧಿ ಇಲ್ಲ" ಅಂದರು ಮಾವನವರು. "ಊರಿಗೇ ಗೊತ್ತಲ. ನೀನು ಬಟ್ಟೆ ಕಟ್ಕೊ ಮಗಾ."

ಹುಚ್ಚರಿಗೆ ಯಾರು ಶಾಸ್ತ್ರ ಹೇಳುತ್ತಾರೆ? ಅತ್ತೆ ಗೋಳಾಡಿದರು, ಅಕ್ಕಪಕ್ಕದವರು ಬಾಯಿಮೇಲೆ ಬೆರಳಿಟ್ಟರು. ನನಗೂ ಅವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ನನ್ನ ಒಡಲು ಹೀಗೆ ಉರಿಯುತ್ತಿರುವಾಗ ಈ ಮನುಷ್ಯನಿಗೆ ಪೋಸ್ಟರಿನ ಚಿಂತೆಯೇ? ಬೇಡವೆನ್ನಲು ಶಕ್ತಿಯಿಲ್ಲದೆ ಹೊರಟೆ. ಗಾಡಿಯಲ್ಲಿ ಮೊಳಕಾಲುದ್ದ ಹುಲ್ಲು ಹಾಸಿ, ಅದರ ಮೇಲೆ ಎರಡು ಕಂಬಳಿ ಹಾಸಿದ್ದರು. ಎತ್ತುಗಳನ್ನು ಓಡಿಸಲೇ ಇಲ್ಲ. ಸೊರಬದಲ್ಲಿ ಬಸ್ಸು ಹತ್ತಿದ ಮೇಲೆ ಕಂಡಕ್ಟರಿಗೆ ಹೇಳಿ ಮುಂದಿನ ಸೀಟು ಕೊಡಿಸಿದರು, ಅಲ್ಲೂ ಕಂಬಳಿ ಮಡಿಸಿ ಹಾಕಿದರು. ಶಿರಾಳಕೊಪ್ಪದಲ್ಲಿ ಬಾಳೆಹಣ್ಣು ತಂದು ಕೈಗಿಟ್ಟರು.

ಶಿಕಾರಿಪುರದಲ್ಲಿ ಇಳಿದೆವು. ಬಸ್‌ಸ್ಟ್ಯಾಂಡಿನ ಎದುರಿಗೇ ಇತ್ತು ಪೋಸ್ಟರ್. ನಿಜಕ್ಕೂ ಗೋಡೆ ತುಂಬ! ಮುರಿದ ಸೇತುವೆಯನ್ನು ಬೆನ್ನ ಮೇಲೆ ಹೊತ್ತು ನಿಂತಿದ್ದಾನೆ ವೀರ. ಕೆಂಪು ವಸ್ತ್ರ ಬೆಂಕಿಯ ಹಾಗೆ ಹಾರುತ್ತಿದೆ. ಅಂಥದನ್ನು ಮಾವನವರು ಹುಟ್ಟಿದಾಗಿನಿಂದ ಕಂಡಿರಲಿಕ್ಕಿಲ್ಲ. ನಾನು ನಿಂತೆ. ಪಕ್ಕದಲ್ಲಿ ಅವರಿಲ್ಲ. ನನ್ನ ಬಟ್ಟೆಯ ಗಂಟನ್ನು ಹೆಗಲಿಗೆ ಹಾಕಿಕೊಂಡು ಇಪ್ಪತ್ತು ಮಾರು ಮುಂದೆ ಹೋಗಿಬಿಟ್ಟಿದ್ದರು.

"ಮಾವಾ, ಪೋಸ್ಟರ್ ಇಲ್ಲೇ ಐತಿ" ಎಂದು ಕೂಗಿದೆ.

"ಇರ್ಲಿ ಬಿಡು" ಅಂದರು. ಕತ್ತು ತಿರುಗಿಸಲಿಲ್ಲ. "ಬೇಗ ನಡಿ. ನಿಮ್ಮಮ್ಮ ಕಾಯ್ತಿರ್ತಾಳೆ."

ಅಮ್ಮ ಮಂಚದ ಮೇಲೆ ಕಾಲು ನೀಡಿ ಮಲಗಿದ್ದಳು. ನನ್ನನ್ನು ಕಂಡು ಎದ್ದು ಕೂರಲು ಒದ್ದಾಡಿದಳು. ಓಡಿ ಹೋಗಿ ಅವಳ ಮಡಿಲಿಗೆ ಬಿದ್ದೆ. ಅಷ್ಟು ದಿನ ಎಲ್ಲಿ ಕೂತಿತ್ತೋ ಆ ಅಳು, ಒಮ್ಮೆಗೇ ಒಡೆದುಕೊಂಡು ಬಂತು.

ಹೊರಗೆ ಜಗಲಿಯಲ್ಲಿ ಅಪ್ಪನ ದನಿ ಕೇಳುತ್ತಿತ್ತು. "ಒಳಗ ಬರ್ರೀ ಬೀಗರ. ಕೈಕಾಲು ತೊಳಕೊಳ್ರಿ, ಊಟ ಮಾಡೂಣು. ಆಮೇಲೆ ನಿಮಗ ಬಸ್ಸು ಸಿಗೂದಿಲ್ಲ."

"ಬಸ್ಸು ಹೋಗ್ಲಿ" ಅಂದರು ಮಾವನವರು. "ಅವಳು ಅತ್ತು ಮುಗಿಸ್ಲಿ. ಯಾರೂ ಒಳಗೆ ಹೋಗೋದು ಬೇಡ."

ಅಮ್ಮ ನನ್ನ ತಲೆ ಸವರುತ್ತಲೇ ಇದ್ದಳು. ಬಾಗಿಲ ಸಂದಿಯಿಂದ ಮಾವನವರ ಬೆನ್ನು ಕಾಣುತ್ತಿತ್ತು. ಬೀದಿಯ ಕಡೆ ಮುಖ ಮಾಡಿ, ಬಾಗಿಲಿಗೆ ಅಡ್ಡವಾಗಿ ಕೂತಿದ್ದರು.