ಪಾಂಚಾಳ ವಾಯುವಿಹಾರ

“ಸಂಜೆ ನೀನು ವಾಪಸ್ ಬರೋಷ್ಟರಲ್ಲಿ ಪಾಂಚಾ ನನ್ನ ಪಕ್ಕದಲ್ಲಿ ನಾಯಿ ಥರ ನಡೀತಿರ್ತಾಳೆ. ನೋಡ್ತಿರು!” ಎಂದು ಸೆವೆರೊ ಮೀಸೆ ತಿರುವಿದ.

ಪಾಂಚಾ ಎಂದರೆ ಇಗ್ವಾನಾ, ಉಡದಂಥ ದೊಡ್ಡ ಹಲ್ಲಿ. ಮೂಗಿನಿಂದ ಬಾಲದ ತುದಿಯವರೆಗೆ ಒಂದೂವರೆ ಗಜ ಉದ್ದದ ಹಸಿರು ಮಹಾರಾಣಿ! ಗೇಣುದ್ದದ ಮರಿಯಿದ್ದಾಗಿನಿಂದ ಸೆವೆರೊನ ಹೆಂಡತಿ ಒದಿಲಿಯಾ ದಾಸವಾಳದ ಹೂವು ತಿನ್ನಿಸಿ ಸಾಕಿದ್ದಳು. ಹುಚಿತಾನ್ ಊರಿನ ಮಿಕ್ಕ ಮನೆಗಳಲ್ಲಿ ಇಗ್ವಾನಾಕ್ಕೆ ಒಲೆಯ ಮೇಲೆ ಜಾಗವಾದರೆ, ಈ ಮನೆಯಲ್ಲಿ ಮಾತ್ರ ಒದಿಲಿಯಾಳ ದಿಂಬಿನ ಮೇಲೆ. ಸೆವೆರೊಗೆ ಆ ದಿಂಬಿನ ಒಂದು ಮೂಲೆಯೂ ಸಿಗುತ್ತಿರಲಿಲ್ಲ.

“ಏನಾದ್ರೂ ಮಾಡ್ಕೋ. ಅವಳ ಬಾಲ ಒಂದಿಂಚು ಮುಕ್ಕಾಗಿರಲಿ, ನೀನು ನಿನ್ನ ಅಮ್ಮನ ಮನೆಗೆ ಗಂಟುಮೂಟೆ ಕಟ್ಟು!” ಎಂದು ಹೇಳಿ ಒದಿಲಿಯಾ ಒಣಸೀಗಡಿಯ ಬುಟ್ಟಿಯನ್ನು ತಲೆಗೇರಿಸಿಕೊಂಡು ಪಕ್ಕದೂರಿನ ಸಂತೆಗೆ ಹೊರಟಳು. ಆಡಿದ್ದನ್ನು ಮಾಡುವ ಹೆಂಗಸು ಅವಳು.

ಸೆವೆರೊ ಜೋಲಿ ಹೆಣೆಯುವವನು. ಗಂಟು ಹಾಕುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಜೋಲಿಯ ಕೆಂಪು ದಾರದಲ್ಲೇ ಪಾಂಚಾಳ ಭುಜಕ್ಕೊಂದು ಪಟ್ಟಿ ಹೆಣೆದು, ಹಗ್ಗ ಸೇರಿಸಿ, ಜಗತ್ತನ್ನೇ ಗೆಲ್ಲಲು ಹೊರಟವನಂತೆ ಬೀದಿಗಿಳಿದ.

ಎಳೆದ. ಪಾಂಚಾ ನೆಲಕ್ಕೆ ಹೊಟ್ಟೆ ಅಂಟಿಸಿದಳು. ಶಿಳ್ಳೆ ಹಾಕಿದ. ಒಂದು ಕಣ್ಣು ಮುಚ್ಚಿದಳು. ದಾಸವಾಳ ತೋರಿಸಿದ. ಹೂವು ತಿಂದು ಇನ್ನೊಂದು ಕಣ್ಣೂ ಮುಚ್ಚಿದಳು! ಅಷ್ಟರಲ್ಲಿ ಎಲ್ಲಿಂದಲೋ ಒಂದು ನಾಯಿ ಬೊಗಳಿತು ನೋಡಿ, ಪಾಂಚಾ ಸರಸರನೆ ಅವನ ಕಾಲು, ಸೊಂಟ, ಬೆನ್ನು ಪರಚಿಕೊಂಡು ಏರಿ ನೆತ್ತಿಯ ಮೇಲೆ ಪ್ರತಿಷ್ಠಾಪನೆಯಾದಳು. ಬಿಡಿಸಲು ಹೋದರೆ ಉಗುರು ತಲೆಗೆ ನಾಟುತ್ತದೆ. ಎಳೆದರೆ ಬಾಲ ಕಿತ್ತು ಬರುವ ಭಯ. ವಿಧಿಯಿಲ್ಲದೆ ಹಾಗೆಯೇ ಮಾರುಕಟ್ಟೆಯ ಬೀದಿಯಲ್ಲಿ ನಡೆದ.

ತಲೆಯ ಮೇಲೆ ಇಗ್ವಾನಾ, ಅದಕ್ಕೊಂದು ಹಗ್ಗ. ಈ ಊರಿನಲ್ಲಿ ಹಾಗೆ ಓಡಾಡುವವರು ಇಗ್ವಾನಾ ಮಾರುವ ಹೆಂಗಸರು ಮಾತ್ರ!

“ಸೆವೆರಣ್ಣ, ಎಷ್ಟಕ್ಕೆ ಕೊಡ್ತೀಯ?” ರೊಟ್ಟಿ ಮಾರುವ ತೊಮಾಸಾ ಕೂಗಿದಳು.

“ಮಾರೋಕಲ್ಲ!”

“ಮತ್ತ್ಯಾಕೆ ಹೊತ್ಕೊಂಡಿದ್ದೀಯ?”

ವಾಕಿಂಗ್ ಕರೆದುಕೊಂಡು ಹೊರಟಿದ್ದೇನೆ ಎಂಬ ಮಾತು ಗಂಟಲವರೆಗೆ ಬಂತು. ಸುತ್ತ ಹತ್ತು ಹೆಂಗಸರು ಕಿವಿ ನಿಮಿರಿಸಿ ನಿಂತಿದ್ದರು. ಮಾನದ ಪ್ರಶ್ನೆ!

“ಮನೆಗೇ ಬೇಕು,” ಎಂದುಬಿಟ್ಟ.

“ಇಷ್ಟು ದೊಡ್ಡದು ಇಬ್ರಿಗಾ? ಓಹೋ, ಏನೋ ಸಮಾರಂಭ ಇಟ್ಕೊಂಡಿದ್ದೀರಿ, ಬಾಯಿ ಬಿಡ್ತಿಲ್ಲ!”

ಸೆವೆರೊ ಪೆಚ್ಚುಪೆಚ್ಚಾಗಿ ಹಲ್ಲು ಕಿರಿದ. ಅಲ್ಲಿಗೆ ಮುಗಿಯಿತು ಅವನ ಕಥೆ.

ಸಮಾರಂಭದ ಸುದ್ದಿ ಊರೆಲ್ಲ ಹಬ್ಬಿ, ಮಧ್ಯಾಹ್ನ ಮೂರಕ್ಕೆ ಮೊದಲ ಅತಿಥಿ ಬಿಯರ್ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಮನೆಗೆ ಬಂದ. ಅವನ ಹಿಂದೆ ಇನ್ನೊಬ್ಬ. ನಾಲ್ಕಕ್ಕೆ ಬೀದಿಗೆ ಅಡ್ಡಲಾಗಿ ಚಪ್ಪರ, ಸಾಲು ಕುರ್ಚಿ, ಡೋಲು, ಕೊಳಲು! ಬಿಯರ್ ಹೊತ್ತು ಬಂದವರನ್ನು ಉಣ್ಣಿಸದೆ ಕಳಿಸಿದರೆ ಮನೆಯೊಡತಿಯ ಮಾನ ಬೀದಿಪಾಲು. ಉಣ್ಣಿಸಿದರೆ ಪಾಂಚಾಳ ಪ್ರಾಣ ಬೆಂಕಿಪಾಲು. ಸೆವೆರೊ ಪಾಂಚಾಳನ್ನು ಒಳಗೆ ಬಚ್ಚಿಟ್ಟ.

ಆಗ ಬಂದರು ಎರ್ಮಿಲತ್ತೆ. ಓಣಿಗೆಲ್ಲ ಅತ್ತೆ, ಇಗ್ವಾನಾ ಕಡುಬಿಗೆ ಹೆಸರಾದವರು. ಒಂದು ಕೈಯಲ್ಲಿ ಜೋಳದ ಹಿಟ್ಟಿನ ಪಾತ್ರೆ, ಇನ್ನೊಂದು ಕೈಯಲ್ಲಿ ಚೂರಿ.

“ಎಲ್ಲೋ ಅದು?”

“ಅತ್ತೆ... ಅದು ಇನ್ನೂ ಸಣ್ಣದು.”

“ನಿನ್ನ ತಲೆ ತುಂಬ ಇತ್ತಂತೆ! ನಿನ್ನ ತಲೇನೂ ಸಣ್ಣದಲ್ಲ.”

“ಕಾಯಿಲೆ ಬಿದ್ದಿದೆ ಅತ್ತೆ.”

“ಕುದಿಸಿದ್ರೆ ಎಲ್ಲ ಕಾಯಿಲೇನೂ ವಾಸಿ!”

ಪಾಂಚಾ ಮಂಚದ ಕೆಳಗಿದ್ದಳು. ಹಗ್ಗದ ತುದಿ ಮಾತ್ರ ಹೊರಗೆ ಇಣುಕುತ್ತಿತ್ತು. ಸೆವೆರೊ ಅದರ ಮೇಲೆ ಕಾಲಿಟ್ಟ. ಎರ್ಮಿಲತ್ತೆ ಅವನ ಕಾಲನ್ನೇ ನೋಡಿದರು. ಬಗ್ಗಿದರು. ಹಗ್ಗ ಹಿಡಿದು ಎಳೆದರು.

ಬಿಚ್ಚಿಕೊಳ್ಳಲಿ ದೇವರೇ ಎಂದು ಸೆವೆರೊ ಬೇಡಿದ. ಎಲ್ಲಿ ಬಿಚ್ಚೀತು? ಊರಿನಲ್ಲೇ ಗಟ್ಟಿ ಗಂಟು ಅವನದು! ನೆಲ ಕೆರೆಯುತ್ತ ಪಾಂಚಾ ಅಂಗುಲಂಗುಲವಾಗಿ ಹೊರಬಂದಳು. ಮೊದಲು ಮೂತಿ, ಆಮೇಲೆ ಕುತ್ತಿಗೆ. ಎರ್ಮಿಲತ್ತೆ ಹೆಬ್ಬೆರಳ ಮೇಲೆ ಚೂರಿಯ ಹರಿತ ನೋಡಿಕೊಂಡರು.

“ಬೇಡ ಅತ್ತೆ!” ಎಂದು ಚೀರಿ ಸೆವೆರೊ ಪಾಂಚಾಳ ಮೇಲೆ ಅಡ್ಡಬಿದ್ದ. “ಇವಳು ಪಾಂಚಾ! ನಮ್ಮ ಪಾಂಚಾ! ಹಬ್ಬಾನೂ ಇಲ್ಲ, ಏನೂ ಇಲ್ಲ. ಇವಳನ್ನ ವಾಕಿಂಗ್ ಕರ್ಕೊಂಡು ಹೋಗಿದ್ದೆ ಅಷ್ಟೆ!”

ಡೋಲು ನಿಂತಿತು. ಕೊಳಲೂ ನಿಂತಿತು. ಬಾಗಿಲಲ್ಲಿ ತಲೆಯ ಬುಟ್ಟಿ ಇಳಿಸದೆ ಒದಿಲಿಯಾ ನಿಂತಿದ್ದಳು.

ಅವಳು ಬುಟ್ಟಿ ಇಳಿಸಿ, ಗಂಡನನ್ನು ಪಕ್ಕಕ್ಕೆ ಸರಿಸಿ, ಪಾಂಚಾಳ ಮೂಗಿನಿಂದ ಬಾಲದ ತುದಿಯವರೆಗೆ ಕೈಯಾಡಿಸಿದಳು. ಬಾಲ ಪೂರ್ತಿ ಇತ್ತು.

“ನಡೆದಳಾ?”

“...ಇಲ್ಲ.”

“ಮತ್ತೆ?”

“ತಲೆ ಮೇಲೆ ಹೊತ್ಕೊಂಡು ಹೋಗಿದ್ದೆ.”

ಚಪ್ಪರ ಹಾರಿಹೋಗುವಂತೆ ಜನ ನಕ್ಕರು. ಒದಿಲಿಯಾ ಮಾತ್ರ ನಗಲಿಲ್ಲ. “ಅತ್ತೆ, ಕಡುಬಿಗೆ ಈ ಸೀಗಡಿ ಹಾಕಿ. ಬಂದವರು ಉಂಡೇ ಹೋಗ್ಬೇಕು,” ಎಂದಳು. ಸಂತೆಯಲ್ಲಿ ಮಿಕ್ಕಿದ್ದ ಅರ್ಧ ಬುಟ್ಟಿ ಸೀಗಡಿ ಕಡುಬಿಗೆ ಹೋಯಿತು. ಸೆವೆರೊಗೆ ಅಳು ಬರುವಷ್ಟು ಸಮಾಧಾನವಾಯಿತು. ಪ್ರಾಣ ಉಳಿಯಿತು, ಪಾಂಚಾಳದ್ದೂ ತನ್ನದೂ!

ಊಟ ಮುಗಿದ ಮೇಲೆ ಎಲ್ಲರಿಗಿಂತ ಹಿರಿಯರಾದ ಕಾಂದಿದೊ ತಾತ ಮೀಸೆ ಒರೆಸಿಕೊಂಡು ಕೇಳಿದರು: “ಎಲ್ಲಾ ಸರಿ ಮಗಳೇ, ಉಂಡಿದ್ದು ಯಾವ ಹಬ್ಬದ್ದು ಅಂತ ಗೊತ್ತಾಗ್ಬೇಡವಾ?”

“ಪಾಂಚಾ ನನ್ನ ಗಂಡನ್ನ ವಾಕಿಂಗ್ ಕರ್ಕೊಂಡು ಹೋದ ಹಬ್ಬ ತಾತ,” ಎಂದಳು ಒದಿಲಿಯಾ.

ಈ ಊರಿನಲ್ಲಿ ಒಮ್ಮೆ ಆಚರಿಸಿದ ಹಬ್ಬವನ್ನು ಬಿಡುವ ಪದ್ಧತಿ ಇಲ್ಲ. ಕೊನೆಯ ಬಾಟಲಿ ಖಾಲಿಯಾಗುವುದರೊಳಗೆ ಮುಂದಿನ ವರ್ಷದ ತಾರೀಖು ಗೊತ್ತಾಯಿತು. ಹಬ್ಬದ ಯಜಮಾನಿಕೆ ತನಗೇ ಬೇಕೆಂದು ತೊಮಾಸಾ ಹಟ ಹಿಡಿದು ಪಡೆದಳು. ಮಾರುಕಟ್ಟೆಯಿಂದ ಇಲ್ಲಿಯವರೆಗೆ ಮೆರವಣಿಗೆ ಎಂದೂ ತೀರ್ಮಾನವಾಯಿತು. ಸೆವೆರೊ ಮೂಲೆಯಲ್ಲಿ ಕುರ್ಚಿ ಮಡಚುವವನಂತೆ ತಲೆ ತಗ್ಗಿಸಿ ನಿಂತಿದ್ದ.

“ಮೆರವಣಿಗೇಲಿ ಪಾಂಚಾನ ಹೊರೋದು ಯಾರು?” ಎಂದು ಯಾರೋ ಕೇಳಿದರು.

“ಇನ್ಯಾರು?” ಎಂದಳು ಒದಿಲಿಯಾ. “ಅವಳು ಪಳಗಿಸಿರೋದು ಒಬ್ಬನ್ನೇ ತಾನೆ!”