ಮುಂದೆ ಹೋಗಿ, ಒಳಗೆ ಜಾಗ ಇದೆ

ಎಲ್ಲ ರಗಳೆಗೂ ಕಾರಣ ಆ ಗಂಟಲು. ಕಂಡಕ್ಟರು ಕೆಲಸದಿಂದ ನಿವೃತ್ತರಾಗಿದ್ದರೂ ಅವರ ಗಂಟಲಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ವನ್ಯಧಾಮದ ಗೇಟಿನ ಮುಂದೆ ಅವರ ಬಸ್ಸು ದಿನಾ ನಿಲ್ಲುತ್ತಿತ್ತು. ಹೆಂಡತಿ ಆಗಿನ್ನೂ ಕಾಲೇಜು ಹುಡುಗಿ. ಕಿಟಕಿಯಿಂದ ಕತ್ತು ಚಾಚಿ, "ಇಲ್ಲಿ ನಿಜವಾಗ್ಲೂ ಜಿಂಕೆ ಇದಾವಾ?" ಎಂದು ಕೇಳಿದ್ದೇ ಇಬ್ಬರ ಮೊದಲ ಮಾತು. "ಒಂದಿನ ಕರ್ಕೊಂಡೋಗಿ ತೋರಿಸ್ತೀನಿ" ಎಂದುಬಿಟ್ಟಿದ್ದರು ಕಂಡಕ್ಟರು. ಮದುವೆಯಾಯಿತು, ಮಕ್ಕಳಾದರು, ತಲೆ ಬೆಳ್ಳಗಾಯಿತು. ಆ ಒಂದು ದಿನ ಮಾತ್ರ ಬರಲಿಲ್ಲ. ಇವತ್ತು ತೋರಿಸಿಯೇ ತೀರಬೇಕೆಂದು ಹೊರಟರೆ ಪಕ್ಕದ ಮನೆಯ ದರ್ಜಿಯೂ ಎದುರುಮನೆಯ ಹಲ್ಲಿನ ಡಾಕ್ಟರಮ್ಮನೂ "ನಾವೂ ಬರ್ತೀವಿ" ಎಂದು ಗಂಟುಬಿದ್ದರು.

ಕಾಲುದಾರಿ ಸಲೀಸಾಗಿತ್ತು. ಕಂಡಕ್ಟರು ಅಭ್ಯಾಸಬಲದಿಂದ ಎಲ್ಲರ ಹಿಂದೆ ಸೇರಿಕೊಂಡರು. ದರ್ಜಿಗೆ ಒಂದು ಮರಕುಟಿಗ ಕಂಡಿತು. ಆತ ಉಸಿರು ಬಿಗಿಹಿಡಿದು ನಿಂತ. ದಾರಿ ಕಟ್ಟಿತಲ್ಲ, ಹಿಂದಿನಿಂದ ಬಂತು ನೋಡಿ:

"ಮುಂದೆ ಹೋಗಿ, ಮುಂದೆ ಹೋಗಿ! ಒಳಗೆ ಜಾಗ ಇದೆ!"

ಹಕ್ಕಿ ಪುರ್ರೆಂದಿತು.

"ಏನ್ರೀ ಇದು!" ಎಂದ ದರ್ಜಿ.

"ಬಾಯಿ ತಪ್ಪಿ ಬಂತು ಮಾರಾಯ್ರೇ."

ಆಮೇಲೆ ಡಾಕ್ಟರಮ್ಮ ದುರ್ಬೀನಿನಲ್ಲಿ ಮೊಲ ನೋಡುತ್ತಾ ಹಳ್ಳದ ಅಂಚಿಗೇ ಹೋದರು. ಅವರು ಬಿದ್ದಾರೆಂಬ ಗಾಬರಿಯಲ್ಲಿ ಕಂಡಕ್ಟರು "ಹೋಲ್ಡಾನ್!" ಎಂದು ಅಬ್ಬರಿಸಿದರು. ಮೊಲ ಪೊದೆ ಸೇರಿತು, ದುರ್ಬೀನು ಹಳ್ಳ ಸೇರಿತು.

"ಇನ್ನೊಂದ್ಸಲ ಬಾಯಿ ಬಿಟ್ರೆ ಅಷ್ಟೂ ಹಲ್ಲು ಕಿತ್ತು ಕೈಗೆ ಕೊಡ್ತೀನಿ!" ಎಂದರು ಡಾಕ್ಟರಮ್ಮ.

ಕಂಡಕ್ಟರು ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ನೆರೆಯವರಿಬ್ಬರೂ ಸಿಟ್ಟಿನಲ್ಲಿ ದಾಪುಗಾಲು ಹಾಕಿ ತಿರುವಿನಾಚೆ ಮರೆಯಾದರು. ಗಂಡಹೆಂಡತಿ ನಿಧಾನಕ್ಕೆ ನಡೆದರು. ಕಂಡಕ್ಟರು ತುಟಿ ಪಿಟಕ್ಕೆನ್ನಲಿಲ್ಲ. ಜಿಂಕೆ ಸಿಗುವವರೆಗೆ ಉಸಿರಾಡುವುದೂ ಬೇಡವೆನ್ನಿಸಿತ್ತು ಅವರಿಗೆ.

ಹೆಂಡತಿಗೇ ತಡೆಯಲಾಗಲಿಲ್ಲ. "ನೀವು ಹಿಂಗೆ ಸುಮ್ನಿದ್ರೆ ನಂಗೆ ಬಿಕೋ ಅನ್ಸುತ್ತೆ ಕಣ್ರೀ. ಆಗೆಲ್ಲ ನಿಮ್ಮ ಬಸ್ಸೇ ಬರ್ಲಿ ಅಂತ ಎರಡು ಬಸ್ಸು ಬಿಡ್ತಿದ್ದೆ, ಗೊತ್ತಾ? ಆ ಕೂಗು ಕೇಳೋಕೆ."

ಕಂಡಕ್ಟರ ಕಣ್ಣು ತುಂಬಿತು. ಇಷ್ಟು ವರ್ಷದಲ್ಲಿ ಈ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ ಇವಳು!

"ಈಗ್ಲೂ ಒಂದ್ಸಲ ಕೂಗಿ. ಇಲ್ಲಿ ಯಾರಿದಾರೆ?"

"ಬೇಡ್ವೇ, ಜಿಂಕೆ..."

"ಜಿಂಕೆ ಹಾಳಾಗ್ಲಿ. ನಂಗೋಸ್ಕರ."

ಇನ್ನೇನು ಬೇಕು? ಎದೆಯ ತುಂಬ ಗಾಳಿ ತುಂಬಿಕೊಂಡು, ಹಳೆಯ ಹುರುಪಿನಲ್ಲಿ ಕಂಡಕ್ಟರು "ರೈಟ್, ರೈಟ್!" ಎಂದು ಕೂಗಿದರು. ಕಾಡೇ ನಡುಗಿತು.

ತಿರುವಿನಾಚೆ ದಡಬಡ ಸದ್ದಾಯಿತು. ಇಬ್ಬರೂ ಓಡಿ ಹೋಗಿ ನೋಡಿದರೆ, ಕೆರೆಯಂಗಳದ ತುಂಬ ಧೂಳು. ಧೂಳಿನಲ್ಲಿ ಚಂಗನೆ ಹಾರುತ್ತಾ ಮರೆಯಾಗುತ್ತಿದ್ದ ಬಿಳಿ ಬಾಲಗಳು. ಇವರಿಗೂ ತೋರಿಸೋಣವೆಂದು ಸದ್ದಿಲ್ಲದೆ ಕೈ ಬೀಸುತ್ತಿದ್ದ ದರ್ಜಿಯ ಕೈ ಗಾಳಿಯಲ್ಲೇ ನಿಂತಿತ್ತು. ಡಾಕ್ಟರಮ್ಮ ಹಲ್ಲು ಕಡಿಯುತ್ತಿದ್ದರು.

"ಒಂದು ದೊಡ್ಡ ಹಿಂಡು!" ಎಂದು ದರ್ಜಿ ಅಳುವುದೊಂದು ಬಾಕಿ.

ಕಂಡಕ್ಟರು ಆಸರೆಗೆಂದು ಹೆಂಡತಿಯ ಕಡೆ ತಿರುಗಿದರು.

ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಮದುವೆಗೆ ಮುಂಚಿಂದ ಕಾಯ್ತಿದೀನಿ ಇದಕ್ಕೆ," ಎಂದು ಉಳಿದಿಬ್ಬರಿಗಿಂತ ಜೋರಾಗಿ ಗದರಿದಳು. "ಒಂದು ನಿಮಿಷ ಬಾಯಿ ಮುಚ್ಕೊಂಡಿರೋಕೆ ಆಗಲ್ವೇನ್ರೀ ನಿಮಗೆ?"